ಬಾಶೆಟ್ಟಿಹಳ್ಳಿ ಕೆಳಗಿನ ನೀರು

ರಾತ್ರಿ ಪಾಳಿ ಇನ್ನೂ ಮುಗಿದಿಲ್ಲ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ಟೀ ಅಂಗಡಿಯವನು ಸ್ಟವ್ ಹಚ್ಚುತ್ತಿದ್ದಾನೆ. ಸೆಕ್ಯುರಿಟಿಯವರು ಮಫ್ಲರ್ ಸುತ್ತಿಕೊಂಡು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ಯಲಹಂಕದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ ಬಂದು ನೀವು ಇಲ್ಲಿ ಇಳಿದಿದ್ದರೆ, ಡಾಂಬರು ರಸ್ತೆ ಬಿಟ್ಟು ನನ್ನ ಜೊತೆ ಇಳಿಜಾರಿಗೆ ಬನ್ನಿ. ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಕಾಂಪೌಂಡ್ ಗೋಡೆಗಳ ಹಿಂದೆ ಒಂದು ಕಾಲುವೆ ಹರಿಯುತ್ತಿದೆ. ಅದು ಎಲ್ಲಿಗೆ ಹೋಗುತ್ತದೋ ನಾವೂ ಅಲ್ಲಿಗೇ ಹೋಗಬೇಕು.

ಮೊಬೈಲ್ ಟಾರ್ಚ್ ಹಾಕಿ ನೋಡಿ. ನೀರಿನ ಮೇಲೆ ಬೂದು ಬಣ್ಣದ ನೊರೆ, ಕಲ್ಲಿಗೆ ಅಂಟಿಕೊಂಡ ಕಪ್ಪು ಲೋಳೆ. ವಾಸನೆಯಲ್ಲಿ ಸೋಪು ಇದೆ, ಕೊಳೆತ ಮೊಟ್ಟೆ ಇದೆ, ಮೂಗಿನ ಒಳಭಾಗವನ್ನು ಚುರುಗುಟ್ಟಿಸುವ ಮತ್ತೇನೋ ಇದೆ. ಹಿಂದೆ ಇದು ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ರಾಜಕಾಲುವೆ. ಈಗ ಬಿರುಬೇಸಿಗೆಯಲ್ಲೂ ಹರಿಯುತ್ತದೆ. ದೊಡ್ಡಬಳ್ಳಾಪುರ ನಗರದ ಕೊಳಚೆ, ಈ ಕೈಗಾರಿಕಾ ಪ್ರದೇಶದ ತ್ಯಾಜ್ಯನೀರು ಎರಡೂ ತಮ್ಮ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿವೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಳಿಂದ ಧರಣಿ ಕೂತಿದ್ದಾರೆ, ಮನವಿ ಕೊಟ್ಟಿದ್ದಾರೆ, ಅಧಿಕಾರಿಗಳ ಕಾರು ಅಡ್ಡಗಟ್ಟಿದ್ದಾರೆ. ನಾವು ಬಂದಿರುವುದು ಮೀನು ನೋಡುವುದಕ್ಕೆ. ಆದರೂ ಈ ಕಾಲುವೆಯ ನೀರನ್ನು ಸ್ವಲ್ಪ ಹೊತ್ತು ಮೂಸಿ ನೋಡದೆ ಮುಂದೆ ಹೋಗಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಕೆರೆಯ ಹೆಸರು ಬೇಡ. ಇಲ್ಲಿ ಬಲೆ ಎಳೆಯುವವರಿಗೆ ಇದೇ ಹೊಟ್ಟೆಪಾಡು. ಮೀನಿನ ಬಗ್ಗೆ ಪತ್ರಿಕೆಯಲ್ಲಿ ಒಂದು ಸಾಲು ಬಂದರೆ ಸಾಕು, ಗಿರಾಕಿ ಹಿಂದೆ ಸರಿಯುತ್ತಾನೆ. ಈ ಇಳಿಜಾರಿನ ಯಾವ ಕೆರೆಗೆ ಹೋದರೂ ಬಹುಮಟ್ಟಿಗೆ ಇದೇ ನೋಟ ಸಿಗುತ್ತದೆ ಎಂದುಕೊಳ್ಳಿ.

ಏರಿ ಹತ್ತಿ. ಮಂಜು ನೀರಿನ ಮೇಲೆ ಮೊಣಕಾಲೆತ್ತರಕ್ಕೆ ನಿಂತಿದೆ. ಆಚೆ ದಡದಲ್ಲಿ ಜೊಂಡು, ಈಚೆ ಮೂಲೆಯಲ್ಲಿ ಅಂತರಗಂಗೆ. ಗುಳುಮುಳುಕವೊಂದು ಕಿಲಕಿಲ ಸದ್ದು ಮಾಡಿ ಮುಳುಗುತ್ತದೆ. ತೂಬಿನ ಹತ್ತಿರ ನಾಲ್ಕೈದು ಜನ ಬಲೆ ಬಿಡಿಸುತ್ತಿದ್ದಾರೆ. ಒಂದು ಹರಿಗೋಲು, ಗೋಣಿಚೀಲದಲ್ಲಿ ಥರ್ಮಾಕೋಲ್ ತುಂಬಿ ಹೊಲಿದ ಎರಡು ತೆಪ್ಪ, ಐಸ್ ತುಂಬಿದ ನೀಲಿ ಕ್ರೇಟುಗಳು. ಚಪ್ಪಲಿ ಕಳಚಿ, ಪ್ಯಾಂಟ್ ಮಡಚಿ.

"ಉಷಾರು ಸಾರ್, ಜಾರ್ತದೆ. ಒಳಗೆ ಗಾಜಿನ ಚೂರೂ ಐತೆ."

ಎಳೆಬಲೆಯ ಒಂದು ತುದಿ ದಡದಲ್ಲಿ, ಇನ್ನೊಂದು ಹರಿಗೋಲಿನಲ್ಲಿ. ಹರಿಗೋಲು ಅರ್ಧಚಂದ್ರಾಕಾರವಾಗಿ ತಿರುಗಿ ವಾಪಸ್ ಬರುವಷ್ಟರಲ್ಲಿ ನಂದಿಬೆಟ್ಟದ ಕಡೆ ಆಕಾಶ ಕೆಂಪಾಗಿದೆ. ಈಗ ಎಳೆಯಬೇಕು. ಹಗ್ಗ ಹಿಡಿಯಿರಿ, ಬಿಗಿ ಗೊತ್ತಾಗಲಿ. ಪಾದದ ಕೆಳಗೆ ಕೆಸರು ಬೆಣ್ಣೆಯ ಹಾಗೆ ಜಾರುತ್ತದೆ. ಬೆಂಡುಗಳ ಸಾಲು ಹತ್ತಿರ ಹತ್ತಿರ ಬರುತ್ತಿದೆ. ಒಳಗಿನ ನೀರು ಮೊದಲು ನಡುಗುತ್ತದೆ, ಆಮೇಲೆ ಸಿಡಿಯುತ್ತದೆ.

ಮೊದಲು ಮೇಲೆ ಬರುವುದು ಜಿಲೇಬಿ. ತಿಲಾಪಿಯಾ ಎಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಜಿಲೇಬಿ ಎಂದರೆ ಮಕ್ಕಳಿಗೂ ಗೊತ್ತು. ಬೂದು ಮೈ, ಬೆನ್ನ ಮೇಲೆ ಮುಳ್ಳಿನ ಗರಿ, ಅಂಗೈಯಗಲ. ಒಂದಲ್ಲ, ನೂರಲ್ಲ, ಬಲೆಯ ಹೊಟ್ಟೆ ತುಂಬ ಅದೇ. ಕೈಗೆ ಸಿಕ್ಕಿದ ಒಂದನ್ನು ಬಲೆಯವರಲ್ಲೊಬ್ಬ ತಲೆಕೆಳಗಾಗಿ ಹಿಡಿದು ನೀರಿನ ಮೇಲೆ ಅಲ್ಲಾಡಿಸುತ್ತಾನೆ. ಅದರ ಬಾಯಿಂದ ಕಣ್ಣಷ್ಟೇ ದೊಡ್ಡದಾಗಿ ಕಾಣುವ ಮರಿಗಳು ಉದುರಿ ಚದುರುತ್ತವೆ. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ. ಹೊರಗೆ ಎಷ್ಟು ಬಾಯಿಗಳು ಕಾದಿದ್ದರೂ ಮರಿ ಉಳಿಯುತ್ತದೆ. ಎರಡು ಮೂರು ತಿಂಗಳಿಗೇ ಮರಿ ತಾಯಾಗುತ್ತದೆ. ಗಂಡು ಕೆರೆಯ ಅಂಚಿನ ಕೆಸರಿನಲ್ಲಿ ತಟ್ಟೆಯಾಕಾರದ ಗುಳಿ ತೋಡಿ, ಬೇರೆ ಮೀನು ಹತ್ತಿರ ಸುಳಿದರೆ ಅಟ್ಟುತ್ತದೆ. ನೀರು ತೆಳುವಾಗಿರುವ ಬೇಸಿಗೆಯಲ್ಲಿ ಏರಿಯ ಮೇಲಿಂದ ನೋಡಿದರೆ ಅಂಚಿನುದ್ದಕ್ಕೂ ಆ ಗುಳಿಗಳೇ ಕಾಣುತ್ತವೆ. ನಮ್ಮ ಗೆಂಡೆಗಳು ಮೊಟ್ಟೆ ಅಂಟಿಸುತ್ತಿದ್ದ ನೀರಿನ ಹುಲ್ಲು ಇದ್ದದ್ದೂ ಅದೇ ಅಂಚಿನಲ್ಲಿ.

ಆಫ್ರಿಕಾದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಶ್ರೀಲಂಕಾದ ಮೂಲಕ. ಬಡವರಿಗೆ ಅಗ್ಗದ ಪ್ರೋಟೀನು ಎಂಬ ಸದುದ್ದೇಶದಿಂದ ತಂದರು. ಏಳು ವರ್ಷಕ್ಕೆ, 1959ರಲ್ಲಿ, ಇನ್ನು ಹೊಸ ನೀರಿಗೆ ಬಿಡಬೇಡಿ ಎಂದು ಸರ್ಕಾರದ ಮೀನುಗಾರಿಕಾ ಸಂಶೋಧನಾ ಸಮಿತಿಯೇ ಹೇಳಬೇಕಾಯಿತು. ಅಷ್ಟರಲ್ಲಿ ಅದು ಎಷ್ಟೋ ಕೆರೆಗಳ ನೀರು ಕುಡಿದಾಗಿತ್ತು. ಸಮಿತಿಯ ಮಾತು ಮೀನಿಗೆ ತಲುಪಲಿಲ್ಲ.

"ತಿನ್ನಕ್ಕೆ ರುಚಿಯೇ ಸಾರ್," ಎನ್ನುತ್ತಾನೆ ಹಗ್ಗ ಹಿಡಿದವನು. "ಬೆಳೆಯಾಕಿಲ್ಲ ಅಷ್ಟೇಯ. ಇಡೀ ಕೆರೆ ಇದೇ ಆಗ್ಬುಟ್ರೆ ಒಂದೂ ದಪ್ಪ ಆಗಕಿಲ್ಲ." ವಿಜ್ಞಾನಿಗಳು ಪುಟಗಟ್ಟಲೆ ಬರೆದದ್ದನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ. ಇದ್ದ ಮೇವನ್ನೆಲ್ಲ ಹಂಚಿಕೊಂಡು ಎಲ್ಲವೂ ಕುಳ್ಳಾಗಿ ಉಳಿಯುತ್ತವೆ, ಕುಳ್ಳಾಗಿಯೇ ಮರಿ ಹಾಕುತ್ತವೆ.

ಬಲೆ ಇನ್ನೊಂದಿಷ್ಟು ಮೇಲೆ ಬರುತ್ತದೆ. ಕೂಗು ಏಳುತ್ತದೆ. ದೊಡ್ಡ ತಲೆಯ, ಬೆಳ್ಳಿ ಮೈಯ ಕಾಟ್ಲಾ! ಒಂದು, ಎರಡು, ಆಮೇಲೆ ರೋಹು, ಮೃಗಾಲ್. ಇವನ್ನು ಮಗುವಿನಂತೆ ಎತ್ತಿ ಕ್ರೇಟಿಗೆ ಹಾಕುತ್ತಾರೆ. ಕೆರೆಯ ಗುತ್ತಿಗೆ ದುಡ್ಡು ಹುಟ್ಟಬೇಕಾದದ್ದು ಇವುಗಳಿಂದಲೇ. ಇವನ್ನು ನೋಡಿ 'ಇದಪ್ಪ ನಮ್ಮ ಮೀನು' ಎಂದು ನಿಮಗೆ ಅನ್ನಿಸಬಹುದು. ಇವೂ ನಮ್ಮವಲ್ಲ. ಗಂಗೆ ಸೀಮೆಯ ಮೀನುಗಳು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಗೆಂಡೆ ಜಾತಿಯ ಮೀನಿಗೆ ಹಾರ್ಮೋನ್ ಚುಚ್ಚಿ ಮರಿ ಮಾಡಿಸಿದರು. ಅಲ್ಲಿಂದ ಮೀನುಮರಿ ತಯಾರಿಕೆ ಶುರುವಾಗಿ, ಕಾವೇರಿ ಸೀಮೆಯ ಸಣ್ಣ ಕೆರೆಗೂ ಗಂಗೆಯ ಮೀನು ಬಂತು. ಆ ದಿನವನ್ನು ಈಗಲೂ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ.

ಹೊರಗಿನದೆಲ್ಲ ಕೇಡು ಎಂದು ಕೋಲು ಹಿಡಿದು ನಿಲ್ಲುವವನು ನಾನಲ್ಲ. ಕಾಟ್ಲಾ, ರೋಹುಗಳಿಗೆ ಮೊಟ್ಟೆಯಿಡಲು ಹರಿಯುವ ಹೊಳೆಯ ನೆರೆ ಬೇಕು. ಕೆರೆಯ ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಬಿಟ್ಟಷ್ಟು ಬೆಳೆಯುತ್ತವೆ, ಹಿಡಿದರೆ ಮುಗಿಯುತ್ತವೆ, ಮುಂದಿನ ವರ್ಷ ಮತ್ತೆ ಮರಿ ತಂದು ಬಿಡಬೇಕು. ಅವು ತಿನ್ನುವ ಮೇವಿನಲ್ಲಿ ನಮ್ಮ ಸಣ್ಣ ಮೀನುಗಳ ಪಾಲೂ ಇರುತ್ತದೆ, ನಿಜ. ಆದರೂ ಲೆಕ್ಕ ಮನುಷ್ಯನ ಕೈಯಲ್ಲಿದೆ. ಅವುಗಳ ಜೊತೆಗೇ ಬಿಡುವ ಸಾಮಾನ್ಯ ಗೆಂಡೆಯ ಕತೆ ಬೇರೆ. 1939ರಲ್ಲಿ ನೀಲಗಿರಿಯ ತಣ್ಣೀರಿಗೆ, 1957ರಲ್ಲಿ ಬ್ಯಾಂಕಾಕಿನ ತಳಿಯಾಗಿ ಬಯಲುಸೀಮೆಯ ನೀರಿಗೆ ಬಂದ ಇದು ಕೆರೆಯಲ್ಲೇ ಮರಿ ಹಾಕುತ್ತದೆ. ಹಂದಿ ಗದ್ದೆ ಉತ್ತ ಹಾಗೆ ತಳದ ಕೆಸರನ್ನು ಮೂತಿಯಿಂದ ಉತ್ತು ಹುಳು ಹುಡುಕುತ್ತದೆ. ನೀರಿನ ಗಿಡದ ಬೇರು ಕಿತ್ತುಬರುತ್ತದೆ, ನೀರು ಕದಡಿಕೊಂಡೇ ಇರುತ್ತದೆ. ಕಣ್ಣಿನಿಂದ ಬೇಟೆ ಹುಡುಕುವ ಮೀನು, ಹಕ್ಕಿ ಎರಡಕ್ಕೂ ಆ ನೀರಿನಲ್ಲಿ ಕೆಲಸವಿಲ್ಲ.

ಈಗ ಬಲೆಯ ತಳ. ಮಾತು ನಿಲ್ಲುತ್ತದೆ.

ಕೆಸರಿನ ಬಣ್ಣದ, ತೋಳಿನಷ್ಟು ದಪ್ಪದ ಏನೋ ಬಲೆಯನ್ನು ಒಳಗಿನಿಂದ ಗುದ್ದುತ್ತಿದೆ. ಚಪ್ಪಟೆ ತಲೆ, ಹೆಲ್ಮೆಟ್ಟಿನಂಥ ಗಟ್ಟಿ ನೆತ್ತಿ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ, ಹುರುಪೆಯಿಲ್ಲದ ಜಾರು ಮೈ, ಮೈಮೇಲೆ ಗಾರೆ ಮೆತ್ತಿದಂಥ ಮಚ್ಚೆ. ಆಫ್ರಿಕನ್ ಕ್ಯಾಟ್‌ಫಿಶ್. ದಡಕ್ಕೆ ಎಸೆದರು. ಜಿಲೇಬಿ, ಕಾಟ್ಲಾಗಳು ಆಗಲೇ ಬಾಯಿ ತೆರೆದು ಸಾಯುತ್ತಿವೆ. ಇದು ಎದೆಯ ಮುಳ್ಳುಗಳನ್ನು ಊರಿ, ಮೈ ತಿರುಚುತ್ತಾ, ಹುಲ್ಲಿನ ಮೇಲೆ ನೀರಿನ ದಿಕ್ಕಿಗೆ ತೆವಳತೊಡಗಿದೆ. ಕಿವಿರಿನ ಮೇಲ್ಭಾಗದಲ್ಲಿ ಕವಲೊಡೆದ ಪುಟ್ಟ ಗಿಡದಂಥ ಅಂಗವೊಂದಿದೆ. ಅದರಿಂದ ಗಾಳಿಯನ್ನೇ ಉಸಿರಾಡುತ್ತದೆ. ಬಗ್ಗಿ ಕಿವಿಗೊಟ್ಟರೆ ಅದು ಗಾಳಿ ಗುಟುಕರಿಸುವ ಸದ್ದು ಕೇಳುತ್ತದೆ.

"ಇದನ್ನ ಬುಟ್ಟೋರು ಯಾರು?" ಎಂದು ಕೇಳಿ ನೋಡಿ.

"ಯಾರೂ ಬುಟ್ಟಿಲ್ಲ. ತಾನೇ ಬತ್ತದೆ."

ತಾನೇ ಬರುವುದಿಲ್ಲ. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಬಾಂಗ್ಲಾದೇಶದ ಮೂಲಕ ಕಳ್ಳದಾರಿಯಲ್ಲಿ ಭಾರತಕ್ಕೆ ನುಸುಳಿದ ಮೀನು ಇದು. 2000ದಲ್ಲಿ ಕೇಂದ್ರ ಸರ್ಕಾರ ಇದರ ಸಾಕಣೆಯನ್ನು ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ ರಾಜ್ಯಗಳ ಕಿವಿ ಹಿಂಡಿತು. ಆದರೆ ಸಾಕಣೆಗೆ ಇದರಷ್ಟು ಸುಲಭದ ಮೀನು ಇನ್ನೊಂದಿಲ್ಲ. ತೋಟದ ಮೂಲೆಯಲ್ಲೊಂದು ಹೊಂಡ, ಕೋಳಿ ಅಂಗಡಿಗಳ ಕರುಳು ಪುಚ್ಚದ ಒಂದು ಟೆಂಪೊ ಲೋಡು, ಅಷ್ಟಿದ್ದರೆ ಕೆಲವೇ ತಿಂಗಳಲ್ಲಿ ಕೆಜಿ ತೂಗುತ್ತದೆ. ಹೊಸಕೋಟೆ ಕಡೆಯ ಹಳ್ಳಿಗಳೂ ಸೇರಿ ಬೆಂಗಳೂರು ಗ್ರಾಮಾಂತರದಲ್ಲಿ ಇಂಥ ಹೊಂಡಗಳ ಮೇಲೆ ಅಧಿಕಾರಿಗಳು ದಾಳಿ ಮಾಡಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮತ್ತೆ ಮತ್ತೆ ಬರುತ್ತದೆ ಎಂದರೆ ಹೊಂಡಗಳೂ ಮತ್ತೆ ಮತ್ತೆ ಎದ್ದಿವೆ ಎಂದೇ ಅರ್ಥ. ಒಂದು ದೊಡ್ಡ ಮಳೆಗೆ ಹೊಂಡದ ಬದು ಒಡೆಯುತ್ತದೆ. ಇಲ್ಲವೇ ದಾಳಿಯ ಸುಳಿವು ಸಿಕ್ಕ ರಾತ್ರಿ ಯಾರೋ ಹೊಂಡವನ್ನು ಕಾಲುವೆಗೆ ತಿರುವುತ್ತಾರೆ. ಅಲ್ಲಿಂದಾಚೆಗೆ ನಿಜವಾಗಿಯೂ ಅದು ತಾನೇ ಬರುತ್ತದೆ.

ದಡದಲ್ಲಿ ಒಬ್ಬ ಕುಡುಗೋಲಿನಿಂದ ಅದರ ಹೊಟ್ಟೆ ಸೀಳುತ್ತಿದ್ದಾನೆ. ನೋಡಲು ಆಗದಿದ್ದರೆ ಕೆರೆಯ ಕಡೆ ತಿರುಗಿ, ನಾನು ಹೇಳುತ್ತೇನೆ. ಜೀರ್ಣವಾಗದ ಜಿಲೇಬಿ ಮರಿ, ಕಪ್ಪೆಯ ಕಾಲು, ಏಡಿಯ ಚಿಪ್ಪು, ಕೆಸರು, ಮತ್ತೊಂದು ಪ್ಲಾಸ್ಟಿಕ್ ಚೂರು. ಬಾಯಿಗೆ ಹಿಡಿಸುವ ಯಾವುದನ್ನೂ ಬಿಡುವ ಜಾತಿಯಲ್ಲ. ಒಂದು ತಾಯಿಯ ಹೊಟ್ಟೆಯಲ್ಲಿ ಹತ್ತಾರು ಸಾವಿರ ಮೊಟ್ಟೆ. ಮುಂಗಾರಿನ ಹೊಸನೀರು ದಡ ಮೀರಿ ಹುಲ್ಲಿಗೆ ಏರುತ್ತಲೇ ಅಲ್ಲಿ ಚೆಲ್ಲಿ ಹೋಗುತ್ತದೆ.

ಇಲ್ಲಿ ಒಂದು ತಮಾಷೆ ಕೇಳಿ. ಈ ಮೀನಿಗೆ ನಮ್ಮಲ್ಲೇ ಒಬ್ಬ ಸಣ್ಣ ದಾಯಾದಿ ಇದ್ದಾನೆ, ಮುರುಗೋಡು. ಅದೂ ಗಾಳಿ ಉಸಿರಾಡುತ್ತದೆ, ಅದೂ ತೆವಳುತ್ತದೆ. ಮುರುಗೋಡಿನ ಇನ್ನೊಂದು ಏಷ್ಯನ್ ಬಂಧುವನ್ನು ಸಾಕಲೆಂದು ಅಮೆರಿಕದ ಫ್ಲೋರಿಡಾಕ್ಕೆ ಕೊಂಡೊಯ್ದರು. ಅರವತ್ತರ ದಶಕದಲ್ಲಿ ಅದು ಕೊಳದಿಂದ ತಪ್ಪಿಸಿಕೊಂಡು, ಮಳೆಯ ರಾತ್ರಿ ರಸ್ತೆ ದಾಟಿ, ಅಲ್ಲಿನ ಜನರಿಗೆ ತಲೆನೋವಾಯಿತು. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿದೆ. ತವರಿನಲ್ಲಿ ಅದನ್ನು ಕೊಕ್ಕರೆ, ಹಾವು, ಬತ್ತುವ ಬೇಸಿಗೆ, ಬಲೆಗಳೆಲ್ಲ ಸೇರಿ ಹದ್ದುಬಸ್ತಿನಲ್ಲಿಡುತ್ತಿದ್ದವು. ಅಲ್ಲಿ ಆ ಯಾವುದೂ ಅದಕ್ಕೆ ಎದುರಾಗಲಿಲ್ಲ. ಇಲ್ಲಿಗೆ ಬಂದ ಆಫ್ರಿಕನ್ನನಿಗೂ ಹಾಗೆಯೇ. ಇನ್ನು ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ, ಐವತ್ತರ ದಶಕದಲ್ಲಿ ಬಿಟ್ಟ ನೈಲ್ ಪರ್ಚ್ ಎಂಬ ಮೀನು ಮುಂದಿನ ಮೂರು ದಶಕಗಳಲ್ಲಿ, ಬೇರೆಲ್ಲೂ ಇಲ್ಲದ ಸುಮಾರು 200 ಜಾತಿಯ ಪುಟ್ಟ ಮೀನುಗಳು ಕಣ್ಮರೆಯಾಗಲು ಕಾರಣವಾಯಿತು ಎಂದು ಅಂದಾಜು. ಸಮುದ್ರದಂಥ ಆ ಸರೋವರದ ಪಾಡೇ ಹಾಗಾದರೆ, ಒಂದು ಬೇಸಿಗೆಗೆ ಮೊಣಕಾಲುದ್ದಕ್ಕೆ ಇಳಿಯುವ ನಮ್ಮ ಕೆರೆಗಳು ಯಾವ ಲೆಕ್ಕ?

ಈಗ ಮತ್ತೆ ಆ ಕಾಲುವೆಯ ಬಾಯಿಗೆ ಹೋಗೋಣ. ಮೂಸಿ ನೋಡಿ ಎಂದಿದ್ದೆನಲ್ಲ, ಆ ನೀರು ಕೆರೆಗೆ ಬೀಳುವ ಜಾಗ. ಬೆಳಗಿನ ಈ ಹೊತ್ತಿಗೆ ಇಲ್ಲಿ ನೀರಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ವೃತ್ತಗಳು ಎದ್ದು ಅಳಿಯುತ್ತಿವೆ. ಮೀನುಗಳು ಮೂತಿ ಮೇಲೆತ್ತಿ ಗಾಳಿಗೆ ಬಾಯಿ ಬಿಡುತ್ತಿವೆ. ಕೊಳಚೆಯಲ್ಲಿ ಬರುವ ಪೋಷಕಾಂಶಗಳಿಂದ ಕೆರೆ ಹಸಿರು ಪಾಚಿಯಾಗುತ್ತದೆ. ಹಗಲು ಪಾಚಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಬಳಸುತ್ತದೆ, ತಳದಲ್ಲಿ ಕೊಳೆಯುವ ವಸ್ತು ಉಳಿದದ್ದನ್ನೂ ಮುಗಿಸುತ್ತದೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ನೀರಿನಲ್ಲಿ ಉಸಿರು ತೀರಾ ಕಡಿಮೆ. ಒಂದು ಮೋಡ ಕವಿದ ದಿನ, ಅಥವಾ ರಾತ್ರೋರಾತ್ರಿ ಕದ್ದು ಬಿಟ್ಟ ಒಂದು ಟ್ಯಾಂಕರ್ ತ್ಯಾಜ್ಯ, ಅಷ್ಟು ಸಾಕು. ಬೆಳಗಾಗುವುದರೊಳಗೆ ಬಿಳಿ ಹೊಟ್ಟೆ ಮೇಲಾಗಿ ರಾಶಿ ರಾಶಿ ಮೀನು ತೇಲುತ್ತವೆ.

ಆ ರಾಶಿಯಲ್ಲಿ ಕ್ಯಾಟ್‌ಫಿಶ್ ಸಿಗುವುದು ಅಪರೂಪ. ಜಿಲೇಬಿಯೂ ಬೇರೆ ಮೀನಿಗಿಂತ ಹೆಚ್ಚು ತಾಳುತ್ತದೆ. ನನಗೆ ಇಲ್ಲಿ ನಿಂತಾಗೆಲ್ಲ ಕೋಪ ಬರುವುದು ಇದಕ್ಕೇ. ಪರದೇಶದ ಮೀನು ಬಂದು ನಮ್ಮ ಮೀನನ್ನು ಓಡಿಸಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಬಾಶೆಟ್ಟಿಹಳ್ಳಿಯ ಕೆಳಗೆ ನಡೆದದ್ದರಲ್ಲಿ ಮೊದಲ ಅಪರಾಧಿ ಮೀನಲ್ಲ. ಗೆಂಡೆ, ಪಕ್ಕೆ, ಹಾವುಮೀನು ಉಸಿರಾಡಲಾಗದ ಹಾಗೆ ನೀರನ್ನು ಕೆಡಿಸಿ, ಕೆರೆಯನ್ನು ಖಾಲಿ ಮಾಡಿದ್ದು ನಾವು. ಖಾಲಿ ಮನೆಗೆ, ಆ ಕೊಳಕಿನಲ್ಲೇ ಬದುಕಬಲ್ಲ ಒಬ್ಬ ಬಂದು ಕೂತ. ಅವನ ಮೇಲೆ ಮಾತ್ರ ಕೇಸು ಹಾಕಿ ಕೈತೊಳೆದುಕೊಂಡರೆ, ಅವನನ್ನು ಹಿಡಿದು ಹಾಕಿದ ಮಾರನೇ ವರ್ಷ ಇನ್ನೊಬ್ಬ ಬಂದು ಕೂರುತ್ತಾನೆ.

ಹಾಗೆಂದು ಅವನು ಪಾಪದವನೂ ಅಲ್ಲ. ಕೊರಮೀನೂ ಗಾಳಿ ಉಸಿರಾಡುತ್ತದೆ, ಚೇಳುಮೀನೂ ಉಸಿರಾಡುತ್ತದೆ. ಕೊಳಕು ನೀರನ್ನು ಅವೂ ಒಂದಿಷ್ಟು ತಾಳಬಲ್ಲವು. ಹೊಸ ಯಜಮಾನನಿಲ್ಲದಿದ್ದರೆ ಅವಾದರೂ ಉಳಿಯುತ್ತಿದ್ದವೇನೋ. ಏರಿಯ ಮೇಲೆ ಬೀಡಿ ಹಚ್ಚಿ ಕುಕ್ಕರುಗಾಲಲ್ಲಿ ಕೂತಿರುವ ಆ ಹಿರಿಯರ ಪಕ್ಕ ಒಂದು ಗಳಿಗೆ ಕೂತುಕೊಳ್ಳಿ. ಬಲೆ ಎಳೆಯುವ ವಯಸ್ಸು ದಾಟಿದೆ. ಪಾಲು ಕೇಳಲು ಬಂದಿದ್ದಾರೆ, ಮಾತಾಡಲೂ ಬಂದಿದ್ದಾರೆ.

"ಕೊರಮೀನು ಮರಿ ನೋಡಿದೀರಾ? ಕೆಂಪಗೆ, ಒಂದು ಬುಟ್ಟಿಯಷ್ಟಗಲ, ಒಟ್ಟಿಗೇ ಮೇಲ್ಗಡೆ ಓಡಾಡ್ತಿದ್ವು. ಕೆಳಗೆ ಗಂಡು ಹೆಣ್ಣು ಎರಡೂ ಕಾವಲು. ನಾವು ಗಾಳ ಹಾಕಿದ್ರೆ ಅವ್ವ ಬಂದು ಕಚ್ಚೋಳು. ಬೈತಿದ್ರು ನಮ್ಮಪ್ಪ, ಮರಿ ಮೇಲಿರೋದನ್ನ ಹಿಡೀಬಾರ್ದು ಅಂತ. ಮೊದಲ ಮಳೆ ಬಿದ್ದ ರಾತ್ರಿ ಕಾಲುವೆಗೆ ಎದುರಾಗಿ ಹತ್ತೋವು ನೋಡಿ, ಗೆಂಡೆ, ಪಕ್ಕೆ, ಚೇಳು... ಕೂಳಿ ಇಟ್ಟು ಮನೆಗೋಗಿ ಮಲಗಿದ್ರೆ ಬೆಳಗ್ಗೆ ಎತ್ತಕಾಗ್ತಿರ್ಲಿಲ್ಲ."

ಹೊಳೆಯುವ ಕೆಂಪು ಮರಿಗಳ ಆ ಗುಂಪಿನ ಕೆಳಗೆ ಈಗ ಒಂದು ದೊಡ್ಡ ಚಪ್ಪಟೆ ಬಾಯಿಯನ್ನು ಕಲ್ಪಿಸಿಕೊಳ್ಳಿ. ತಂದೆತಾಯಿ ಎಷ್ಟು ಹೊತ್ತು ಕಾದಾವು? ಇವತ್ತಿನ ಬಲೆಯಲ್ಲಿ ಕೊರಮೀನು ಬಂದಿದೆಯಾ ಎಂದು ಕ್ರೇಟುಗಳನ್ನು ಇಣುಕಿ ನೋಡಿ. ಇಲ್ಲ. ಚೇಳುಮೀನು? ಇಲ್ಲ. ಬಾಳೆಮೀನು, ಹಾವುಮೀನು? ಕೇಳಿದರೆ ನಗುತ್ತಾರೆ. ಕ್ರೇಟಿನ ಮೂಲೆಯಲ್ಲಿ ಬೆರಳುದ್ದದ ನಾಲ್ಕು ಪಕ್ಕೆ ಮಾತ್ರ ಹೊಳೆಯುತ್ತಿವೆ.

ದಡದ ತೆಳುನೀರಿನಲ್ಲಿ ಒಬ್ಬ ಹುಡುಗ ಬಿಸ್ಲೆರಿ ಬಾಟಲಿಯಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದಾನೆ. ಬೆಳಕಿಗೆ ಎತ್ತಿ ನೋಡಿ. ಮಾಸಲು ಬಣ್ಣದ್ದು ಗಂಬೂಸಿಯಾ, ಬಾಲದಲ್ಲಿ ಬಣ್ಣದ ಚುಕ್ಕೆಯಿರುವುದು ಗಪ್ಪಿ. ಗಂಬೂಸಿಯಾ ಮೂಲತಃ ಅಮೆರಿಕದ್ದು, ಸೊಳ್ಳೆ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದದ್ದು. ಗಪ್ಪಿ ಅದಕ್ಕೂ ಮೊದಲೇ ಬಂದಿತ್ತು. ಇವು ಮೊಟ್ಟೆಯಿಡದೆ ನೇರ ಮರಿ ಹಾಕುವುದರಿಂದ ಬೆಳೆಯುವ ವೇಗಕ್ಕೆ ಲಗಾಮಿಲ್ಲ. ಇವುಗಳ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ತಗ್ಗಿಸಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಬಾವಿ ನಾಲ್ಕು ಗೋಡೆಯ ಒಳಗಿನ ನೀರು, ಅಲ್ಲಿ ಸರಿ. ಕೆರೆಗೆ ಬಂದರೆ ಅವು ಸೊಳ್ಳೆಮರಿಯ ಜೊತೆ ಕಪ್ಪೆಯ ಗೊದಮೊಟ್ಟೆಗೂ, ಬೇರೆ ಮೀನಿನ ಮೊಟ್ಟೆ ಮರಿಗಳಿಗೂ ಬಾಯಿ ಹಾಕುತ್ತವೆ. ನೆತ್ತಿಯ ಮೇಲೆ ಬಿಳಿ ಚುಕ್ಕೆಯಿರುವ ನಮ್ಮದೇ ಪುಟ್ಟ ಮೀನೊಂದು ಸೊಳ್ಳೆಮರಿಯನ್ನು ಅಷ್ಟೇ ಚೆನ್ನಾಗಿ ತಿನ್ನುತ್ತಿತ್ತು. ಅದನ್ನು ಕೇಳಿದವರಿಲ್ಲ.

ಬಿಸಿಲೇರಿದೆ. ಏರಿಯ ಉದ್ದಕ್ಕೂ ನಡೆದು ಕೋಡಿಯ ಹತ್ತಿರ ಬನ್ನಿ. ಈಗ ಕೋಡಿಗಲ್ಲು ಒಣಗಿದೆ, ಮೇಲೆ ಯಾರೋ ಬಟ್ಟೆ ಹರವಿದ್ದಾರೆ. 2022ರ ಮಳೆಗಾಲದಲ್ಲಿ ಇಲ್ಲಿ ನಿಲ್ಲಲಾಗುತ್ತಿರಲಿಲ್ಲ. ಈ ಸೀಮೆಯ ಕೆರೆಗಳು ಒಂದರ ಹಿಂದೊಂದು ತುಂಬಿ ಕೋಡಿ ಹರಿದವು, ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡರು. ನಾನೂ ಸಂಭ್ರಮಪಟ್ಟವನೇ. ಕೋಡಿಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಸೀರೆ, ಸೊಳ್ಳೆಪರದೆ ಹಿಡಿದು ಜನ ಮೀನು ಬಾಚುತ್ತಿದ್ದರು. ಬಾಚಿದ್ದರ ಹತ್ತರಷ್ಟು ಕೆಳಗೆ ಹೋಗಿರಬೇಕು.

ಕೆಳಗೆ ಎಂದರೆ ಎಲ್ಲಿಗೆ? ನಂದಿಬೆಟ್ಟದ ಇಳಿಜಾರಿನಲ್ಲಿ ಹುಟ್ಟಿದ ಅರ್ಕಾವತಿಗೆ. ನದಿ ಎಂದು ಕರೆಯುತ್ತೇವೆ, ಈ ಭಾಗದಲ್ಲಿ ಅದು ಕೆರೆಗಳ ಸರಪಳಿ. ಒಂದರ ಕೋಡಿ ಇನ್ನೊಂದರ ಒಳಹರಿವು. ಈ ನೀರು ಹೆಸರಘಟ್ಟಕ್ಕೆ ಹೋಗುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಕೊಟ್ಟ ಕೆರೆ ಅದು. ಅಲ್ಲಿಂದ 1933ರ ತಿಪ್ಪಗೊಂಡನಹಳ್ಳಿ ಜಲಾಶಯ. ಅಲ್ಲಿಂದ ರಾಮನಗರ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿ. ಗುತ್ತಿಗೆ ಪತ್ರದಲ್ಲಿ ಒಂದೊಂದು ಕೆರೆಗೂ ಒಂದೊಂದು ಹೆಸರು, ಒಬ್ಬೊಬ್ಬ ಗುತ್ತಿಗೆದಾರ. ಮೀನಿಗೆ ಆ ಪತ್ರ ಗೊತ್ತಿಲ್ಲ. ಕೋಡಿ ಬಿದ್ದ ವಾರ ಇವೆಲ್ಲ ಒಂದೇ ನೀರು.

ಆ ಕಾವೇರಿಯ ನದಿ ವ್ಯವಸ್ಥೆಯಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಮೀನೊಂದಿದೆ, ಬೆನ್ನುಬ್ಬಿದ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ ಹಿಡಿದದ್ದು 120 ಪೌಂಡ್ ತೂಗಿತ್ತು. ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ದಶಕಗಳ ಹಿಂದೆ ಮಹಾರಾಷ್ಟ್ರದ ಲೋಣಾವಳದ ಮೊಟ್ಟೆಮನೆಯಿಂದ ಮರಿ ತಂದು ಕಾವೇರಿಗೆ ಬಿಟ್ಟರು. ಆ ಮರಿಗಳು ಕೃಷ್ಣೆಯ ಕಡೆಯ ಬೇರೆ ಜಾತಿಯವು, ನೀಲಿ ರೆಕ್ಕೆಯವು. ಅವು ಹೆಚ್ಚಿದವು, ಬೆನ್ನುಬ್ಬಿದ್ದು ಕರಗಿತು. 2018ರಲ್ಲಿ ವಿಜ್ಞಾನಿಗಳು ಅದರ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿದ ಹೊತ್ತಿಗೆ ಅದು ಅಳಿವಿನ ಅಂಚಿನ ಪಟ್ಟಿಯ ಕೊನೆಯ ಮೆಟ್ಟಿಲಲ್ಲಿತ್ತು. ಮೀನುಪ್ರಿಯರೇ, ಮೀನಿನ ಒಳಿತಿಗೇ, ನಮ್ಮದೇ ದೇಶದ ಮೀನು ಬಿಟ್ಟು ಇಷ್ಟಾಯಿತು. ಕೋಳಿ ಕರುಳಿನ ಹೊಂಡದಿಂದ ಹೊರಟದ್ದು ಅಲ್ಲಿಗೆ ತಲುಪಿದರೆ ಏನಾಗಬಹುದು, ನೀವೇ ಊಹಿಸಿ.

ಕ್ರೇಟುಗಳನ್ನು ಟಾಟಾ ಏಸ್‌ಗೆ ಏರಿಸಿದ್ದಾರೆ. ಜೊತೆಗೆ ಹತ್ತಿ, ದೊಡ್ಡಬಳ್ಳಾಪುರದವರೆಗೆ ಹೋಗಿಬರೋಣ. ರಸ್ತೆ ಬದಿಯ ಮೀನಿನಂಗಡಿಯಲ್ಲಿ ಕಾಟ್ಲಾ ಮುಂದಿನ ಸಾಲಿನಲ್ಲಿ, ಜಿಲೇಬಿ ಗುಡ್ಡೆಗುಡ್ಡೆಯಾಗಿ. ಕೆಂಪು ಹೊಟ್ಟೆಯ, ಬಿಡಿ ಹಲ್ಲಿನ ರೂಪ್‌ಚಂದ್ ಕೂಡ ಇದೆ, ಅದು ಅಮೆಜಾನ್ ನದಿಯ ಪಾಕು. ಕ್ಯಾಟ್‌ಫಿಶ್ ಮುಂದೆ ಇಟ್ಟಿಲ್ಲ. ಗಿರಾಕಿ ಬಂದು ಕಣ್ಸನ್ನೆ ಮಾಡಿದರೆ ಹಿಂದಿನ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ತೆರೆಯುತ್ತದೆ, ಒಳಗೆ ಜೀವಂತ ಮೀಸೆಗಳು. ಎದುರಿನ ಬಣ್ಣದ ಮೀನಿನ ಅಂಗಡಿಯಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿರುವ ಕಪ್ಪು ಮರಿಯನ್ನೂ ನೋಡಿಕೊಳ್ಳಿ. ಟ್ಯಾಂಕ್ ಕ್ಲೀನರ್ ಎಂದು ಕೊಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ತೊಟ್ಟಿ ಮೀರಿ ಬೆಳೆಯುತ್ತದೆ. ಮನೆಯವರಿಗೆ ಕೊಲ್ಲಲು ಮನಸ್ಸು ಬಾರದೆ, ಪುಣ್ಯ ಬರಲಿ ಎಂದು ಹತ್ತಿರದ ಕೆರೆಗೆ ಬಿಟ್ಟು ಕೈಮುಗಿಯುತ್ತಾರೆ. ಬೆಂಗಳೂರಿನ ಕೆರೆಗಳ ಬಲೆಗಳಲ್ಲೂ ಇದು ಕಾಣಿಸಿಕೊಂಡಿದೆ. ಮೈಯೆಲ್ಲ ಎಲುಬಿನ ಕವಚ, ಬಲೆಗೆ ಸಿಕ್ಕರೆ ಬಲೆಯೇ ಹರಿಯುತ್ತದೆ. ತಿನ್ನುವವರಿಲ್ಲ, ಕೊಳ್ಳುವವರಿಲ್ಲ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ನಮ್ಮ ಕೆರೆಗಳ ದಡ ಎಂದರೆ ಮಣ್ಣಿನ ಏರಿ ಎಂಬುದನ್ನು ಮರೆಯಬೇಡಿ.

ಮಾಡಬಹುದಾದದ್ದು ಬಹಳವೇನಿಲ್ಲ. ಕೆರೆಗೆ ಸೇರಿ ಮರಿ ಹಾಕಿದ ಮೀನನ್ನು ಯಾವ ಇಲಾಖೆಯೂ ಪೂರ್ತಿ ಹೊರಗೆ ತೆಗೆಯಲಾರದು. ಉಳಿದಿರುವುದು ಇನ್ನೂ ಕೆಡದ ಕೆರೆಗಳು. ನಿಮ್ಮೂರ ಕೆರೆ ಹರಾಜಾಗುವ ದಿನ ಪಂಚಾಯಿತಿಗೆ ಹೋಗಿ, ಯಾವ ಮರಿ ಬಿಡುತ್ತೀರಿ ಎಂದು ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿ. ಹೆಸರಘಟ್ಟದಲ್ಲೇ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ದಕ್ಷಿಣದ ನಮ್ಮ ಗೆಂಡೆ ಜಾತಿಗಳ ಮರಿ ಮಾಡಿಸುವ ಕೆಲಸ ಅಲ್ಲಿ ನಡೆದಿದೆ, ಅಂಥ ಮರಿಯನ್ನೇ ಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ, ಒಂದು ಜನತಾ ದಾಖಲಾತಿ ಇರಬೇಕು. ಏರಿಯ ಮೇಲೆ ಬೀಡಿ ಸೇದುವ ಹಿರಿಯರು ಇನ್ನೂ ಇರುವಾಗಲೇ, ಅವರು ಹೇಳುವ ಮೀನುಗಳ ಹೆಸರನ್ನು ಅದರಲ್ಲಿ ಬರೆಸಿ. ಕಾಲುವೆಗೆ ಕೊಳಚೆ ಬಿಡುವವರ ವಿರುದ್ಧ ದೊಡ್ಡತುಮಕೂರಿನವರು ಮತ್ತೆ ಧರಣಿ ಕೂತರೆ, ಅದು ಮೀನಿನ ಹೋರಾಟವೂ ಹೌದೆಂದು ತಿಳಿದು ಒಂದು ದಿನ ಹೋಗಿ ಜೊತೆ ಕೂರಿ. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದರೆ ಅಂಗಡಿಗೇ ವಾಪಸ್ ಕೊಡಿ, ದಯವಿಟ್ಟು ಕೆರೆಗೆ ಬಿಡಬೇಡಿ.